ಚೀಲಕ್ಕೆ ಮೂರು ಪೆಟ್ಟು

ಗದುಗಿಗೆ ಹೊಂದಿದ ಬೆಟಗೇರಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಅಪ್ಪ ಹಾಕಿದ್ದು. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದು, ಮೋಟಾರಿನ ಸ್ವಿಚ್ ಒತ್ತುವ ಮುಂಚೆ ಗೋಡೆಯ ಮೇಲಿನ ಬೈಬಲ್ ವಚನದ ಕ್ಯಾಲೆಂಡರಿನ ಮುಂದೆ ಎರಡು ನಿಮಿಷ ಕಣ್ಣು ಮುಚ್ಚಿ ನಿಲ್ಲುವುದು ನನ್ನ ರೂಢಿ. ‘ಕರ್ತನೇ, ಇವತ್ತಿನ ದುಡಿಮೆಯನ್ನು ಆಶೀರ್ವದಿಸು’ ಎಂದು ಕೇಳಿಕೊಂಡು ಸ್ವಿಚ್ ಒತ್ತಿದರೆ ಬೆಲ್ಟ್ ಪಟಪಟ ಎನ್ನುತ್ತಾ ತಿರುಗಲು ಶುರು. ಅಲ್ಲಿಂದ ರಾತ್ರಿ ಎಂಟರ ತನಕ ದೇವರ ನೆನಪು ಬರುತ್ತಿರಲಿಲ್ಲ. ಬರಬೇಕು ಅಂತಲೂ ಅನಿಸುತ್ತಿರಲಿಲ್ಲ. ಬೆಳಗಿನ ಎರಡು ನಿಮಿಷ ಆತನದು, ಭಾನುವಾರದ ಎರಡು ತಾಸು ಆತನದು, ಗಳಿಸಿದ ಹತ್ತರಲ್ಲಿ ಒಂದು ಪಾಲು ಆತನದು. ಉಳಿದದ್ದು ನನ್ನದು. ಈ ಲೆಕ್ಕ ಸರಿಯಾಗಿದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ.

ಆ ಲೆಕ್ಕ ಹೇಗೆ ಒಂದೊಂದೇ ಸಾಲು ಅಳಿಸುತ್ತಾ ಹೋಯಿತು ಎಂಬುದನ್ನು ಬರೆಯಬೇಕು ಅನಿಸಿದೆ. ಚರ್ಚಿನ ಸಭೆಯಲ್ಲಿ ಸಾಕ್ಷಿ, ಅಂದರೆ ದೇವರು ತನ್ನ ಬದುಕಿನಲ್ಲಿ ಮಾಡಿದ್ದನ್ನು, ಹೇಳಲು ನಿಂತರೆ ಐದು ನಿಮಿಷದಲ್ಲಿ ಮುಗಿಸಬೇಕು; ಅಷ್ಟರಲ್ಲಿ ಹೇಳಿದರೆ ಎಲ್ಲವೂ ಒಂದೇ ರಾತ್ರಿಯಲ್ಲಿ ಆಯಿತೇನೋ ಎಂಬಂತೆ ಕೇಳಿಸುತ್ತದೆ. ನನಗೆ ಮೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಗಿರಣಿಯ ಒಂದು ಸಂಗತಿಯನ್ನು ಮೊದಲು ಹೇಳಿಬಿಡಬೇಕು. ಕಾಳು ಮೇಲಿನಿಂದ ಕಲ್ಲಿನ ನಡುವಿನ ಬಾಯಿಗೆ ಬೀಳುತ್ತದೆ, ಎರಡು ಕಲ್ಲುಗಳ ನಡುವೆ ಅರೆಯುತ್ತಾ ಅಂಚಿಗೆ ಬರುತ್ತದೆ, ಹಿಟ್ಟಾಗಿ ಒಂದು ಉದ್ದನೆಯ ಬಟ್ಟೆ ಚೀಲದೊಳಗಿಂದ ಕೆಳಗಿಟ್ಟ ಡಬ್ಬಿಗೆ ಇಳಿಯುತ್ತದೆ. ಬಿಸಿಗೆ ಕಾಳಿನ ತೇವ ಆರಿ ಸ್ವಲ್ಪ ತೂಕ ಕಡಿಮೆಯಾಗುವುದು ಸಹಜ. ಆದರೆ ಅದಲ್ಲದೆ ಕಲ್ಲಿನ ಸುತ್ತ, ಬಟ್ಟೆಯ ಮಡಿಕೆಯಲ್ಲಿ ಹಿಟ್ಟು ಅಂಟಿಕೊಂಡು ಉಳಿಯುತ್ತದೆ. ಅಪ್ಪ ಪ್ರತಿಯೊಬ್ಬರ ಕಾಳು ಮುಗಿದ ಮೇಲೂ ಒಂದು ಸಣ್ಣ ಕೋಲಿನಿಂದ ಚೀಲಕ್ಕೆ ಮೂರು ಪೆಟ್ಟು ಹಾಕುತ್ತಿದ್ದ. ಮೂರನೆಯ ಪೆಟ್ಟಿಗೆ ಒಂದು ಬೊಗಸೆ ಹಿಟ್ಟು ದಪ್ಪನೆ ಡಬ್ಬಿಗೆ ಬೀಳುತ್ತಿತ್ತು. ಆಮೇಲೆಯೇ ಇನ್ನೊಬ್ಬರ ಡಬ್ಬಿ.

2014ರಲ್ಲಿ ಅಪ್ಪ ತೀರಿಕೊಂಡ ಮೇಲೆ ಗಿರಣಿ ನನ್ನ ಕೈಗೆ ಬಂತು. ಕೋಲು ಮೂಲೆ ಸೇರಿತು. ಸಾಲಿನಲ್ಲಿ ಡಬ್ಬಿಗಳು ಕಾಯುತ್ತಿದ್ದವು, ಕರೆಂಟ್ ಯಾವಾಗ ಹೋಗುತ್ತದೋ ಎಂಬ ಅವಸರ, ಮೊದಮೊದಲು ನಿಜವಾಗಿಯೂ ಅಷ್ಟೇ ಕಾರಣ. ಸಂಜೆ ಕಸ ಗುಡಿಸುವಾಗ ಚೀಲ ಝಾಡಿಸಿದರೆ ನಾಲ್ಕು ಕಿಲೋದಷ್ಟು ಜೋಳ, ಗೋಧಿ, ಕಡಲೆ ಕೂಡಿದ ಹಿಟ್ಟು ಬಿತ್ತು. ಎಮ್ಮೆ ಕಟ್ಟಿದವರೊಬ್ಬರು ಕಿಲೋಕ್ಕೆ ಹನ್ನೆರಡು ರೂಪಾಯಿ ಕೊಟ್ಟು ಒಯ್ದರು. ಮರುದಿನವೂ ಬಂದರು. ಒಂದು ತಿಂಗಳಾಗುವಷ್ಟರಲ್ಲಿ ಅದು ಗಿರಣಿಯ ಆದಾಯದಲ್ಲಿ ಒಂದು ಬಾಬ್ತು ಆಯಿತು. ಅದರಲ್ಲೂ ನಾನು ದಶಮಭಾಗ ತೆಗೆದು ಕಾಣಿಕೆ ಲಕೋಟೆಗೆ ಹಾಕುತ್ತಿದ್ದೆ. ಈ ಮಾತನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೆ ಬರೆಯದೆ ಹೋದರೆ ಉಳಿದದ್ದೆಲ್ಲ ಅರ್ಥವಾಗುವುದಿಲ್ಲ.

ನಾವು ಹಳೆಯ ಸಭೆಯವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿಯಲ್ಲಿ ಠಾಣೆ ಹೂಡಿದರು. ನಮ್ಮ ಮುತ್ತಜ್ಜನ ಕಾಲಕ್ಕೆ ನಮ್ಮ ಮನೆಯಲ್ಲಿ ಮಗ್ಗ ಇತ್ತು, ಮಗ್ಗದ ಪಕ್ಕದ ಗೂಡಿನಲ್ಲಿ ಸತ್ಯವೇದ ಇತ್ತು ಎಂದು ಅಜ್ಜಿ ಹೇಳುತ್ತಿದ್ದಳು. ಅಜ್ಜಿ ತಾನೂ ಬೀಸುವ ಕಲ್ಲಿನ ಮುಂದೆ ಕೂತು, ಊರ ಹೆಣ್ಣುಮಕ್ಕಳು ಹಾಡುವ ಬೀಸುವ ಪದದ ಧಾಟಿಯಲ್ಲೇ ಯೇಸುವಿನ ಮೇಲೆ ಪದ ಕಟ್ಟಿ ಹಾಡುವವಳು. ನಾಲ್ಕು ತಲೆಮಾರಿನ ವಿಶ್ವಾಸ ಎಂದು ನಾನು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದೆ. ಸಭಾ ಕಮಿಟಿಯಲ್ಲಿ ಖಜಾಂಚಿ ಬೇರೆ. ಸಭೆಯ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆ ಬಂದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅದು ದೇವರ ದುಡ್ಡು ಎಂಬ ಭಯ. ಗಿರಣಿಯ ಹಿಟ್ಟು ದೇವರದಲ್ಲ ಎಂದು ನಾನು ಯಾವತ್ತೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ, ಆದರೆ ನಡೆದದ್ದು ಹಾಗೆಯೇ.

2020ರ ಮಾರ್ಚ್ ಮೊದಲ ವಾರ. ಹಿಂದಿನ ಓಣಿಯ ಆಯಿ ಎರಡು ಕಿಲೋ ಜೋಳ ತಂದಿದ್ದಳು. ಒಬ್ಬಳೇ ಇರುವ ಜೀವ, ಯಾವಾಗಲೂ ಎರಡೇ ಕಿಲೋ. ಬೀಸಿ ಮುಗಿದ ಮೇಲೆ ಡಬ್ಬಿ ಎತ್ತಿಕೊಳ್ಳದೆ ನಿಂತಳು.

“ತಮ್ಮಾ, ಚೀಲಾ ಒಮ್ಮೆ ಬಡಿಯಪಾ. ನಿಮ್ಮಪ್ಪ ಮೂರು ಸಲ ಬಡೀತಿದ್ದ.”

“ಹಿಂದ ಮಂದಿ ನಿಂತೈತಿ ಕಾಣಂಗಿಲ್ಲೇನು ಆಯಿ? ಹಿಡಿ ಹಿಟ್ಟಿಗೆ ಏನ್ ಹಠಾ ನಿಂದು?” ಅಂದೆ. ಜೋರಾಗಿಯೇ ಅಂದೆ. ಸಾಲಿನಲ್ಲಿದ್ದ ಇಬ್ಬರು ನಕ್ಕರು. ಆಯಿ ಸೆರಗಿನಿಂದ ಡಬ್ಬಿಯ ಬಾಯಿ ಮುಚ್ಚಿಕೊಂಡು ಹೋದಳು.

ಅವು ಲೆಂಟ್ ದಿನಗಳು, ಈಸ್ಟರಿನ ಮುಂಚಿನ ಉಪವಾಸದ ಕಾಲ. ಆ ಸಂಜೆ ಪ್ರಾರ್ಥನಾ ಕೂಟದಲ್ಲಿ ವಾಚನ ಓದುವ ಸರದಿ ನನ್ನದಿತ್ತು. ಅರಸುಗಳ ಮೊದಲನೆಯ ಪುಸ್ತಕ, 17ನೆಯ ಅಧ್ಯಾಯ. ಬರಗಾಲದಲ್ಲಿ ಪ್ರವಾದಿ ಎಲೀಯನು ಚಾರೆಪ್ತಕ್ಕೆ ಹೋಗುತ್ತಾನೆ, ಊರ ಬಾಗಿಲಲ್ಲಿ ಸೌದೆ ಆರಿಸುತ್ತಿದ್ದ ವಿಧವೆಯನ್ನು ರೊಟ್ಟಿ ಕೇಳುತ್ತಾನೆ. ತನ್ನ ಬಳಿ ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಮೊಗೆಯಲ್ಲಿ ಸ್ವಲ್ಪ ಎಣ್ಣೆ ಬಿಟ್ಟರೆ ಬೇರೇನೂ ಇಲ್ಲ ಎಂದು ಆಕೆ ದೇವರ ಆಣೆ ಇಟ್ಟು ಹೇಳುತ್ತಾಳೆ. ಅದನ್ನು ಸುಟ್ಟು ತಾನೂ ಮಗನೂ ತಿಂದು, ಆಮೇಲೆ ಸಾಯುವುದೇ.

ಈ ಅಧ್ಯಾಯವನ್ನು ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ್ದೇನೋ. ಮೊದಲು ದೇವರ ಮನುಷ್ಯನಿಗೆ ಕೊಡು, ಆಮೇಲೆ ನಿನ್ನ ಮಡಕೆ ಬರಿದಾಗದು, ಕಾಣಿಕೆಯ ಪ್ರಸಂಗಕ್ಕೆ ಯಾವಾಗಲೂ ಇದೇ ಭಾಗ. ಆ ಸಂಜೆ ‘ಒಂದು ಹಿಡಿ ಹಿಟ್ಟು’ ಎಂದು ನನ್ನ ಬಾಯಿಂದಲೇ ಬಂದಾಗ ಬೆಳಿಗ್ಗೆಯ ‘ಹಿಡಿ ಹಿಟ್ಟಿಗೆ ಏನ್ ಹಠಾ’ ಕಿವಿಯಲ್ಲಿ ಬಡಿಯಿತು. ದನಿ ನಿಂತುಹೋಯಿತು. ನೀರು ಕುಡಿದು ಹೇಗೋ ಓದಿ ಮುಗಿಸಿದೆ. ಕೆಮ್ಮು ಬಂತೇನೋ ಅಂದುಕೊಂಡರು.

ಮನೆಗೆ ಬಂದವನು ಒಂದು ಲಗ್ನಪತ್ರಿಕೆಯ ಬೆನ್ನಿಗೆ ಲೆಕ್ಕ ಹಾಕಿದೆ. ದಿನಕ್ಕೆ 4 ಕಿಲೋ, ವರ್ಷಕ್ಕೆ 300 ದಿನ, ಆರು ವರ್ಷ. 7,200 ಕಿಲೋ. ಎಪ್ಪತ್ತೆರಡು ಕ್ವಿಂಟಲ್ ಹಿಟ್ಟು, ಊರವರ ಹಿಟ್ಟು, ಬೊಗಸೆ ಬೊಗಸೆಯಾಗಿ. ಹೆಂಡತಿಗೆ ತೋರಿಸಿದೆ. ಅವಳು ಬಹಳ ಹೊತ್ತು ಆ ಅಂಕಿ ನೋಡಿ, “ಮದ್ಲ ಆಯಿ ಕಡೆ ಹೋಗ್ರಿ” ಅಂದಳು.

ಮರುದಿನ ಹೋದೆ. ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ತಪ್ಪಾಯಿತು ಅಂದೆ. ಆಯಿಗೆ ಏನೂ ಆಶ್ಚರ್ಯವಾಗಲಿಲ್ಲ.

“ನನಗ ಗೊತ್ತಿತ್ತೋ ತಮ್ಮಾ. ಮನ್ಯಾಗ ತಕ್ಕಡಿ ಇಲ್ಲಂದ್ರೂ ರೊಟ್ಟಿ ಎಣಸಾಕ ಬರತೈತಿ. ನಿಮ್ಮಪ್ಪ ಇದ್ದಾಗ ಎರಡು ಕಿಲೋಕ್ಕ ಇಪ್ಪತ್ನಾಕು ರೊಟ್ಟಿ ಆಗತಿದ್ದೂ. ನಿನ್ನ ಕಾಲಕ್ಕ ಇಪ್ಪತ್ತೆರಡು.”

ಎರಡು ರೊಟ್ಟಿ. ಒಬ್ಬಳೇ ಇರುವವಳಿಗೆ ಅದು ಒಂದು ದಿನದ ಒಂದು ಹೊತ್ತು. ‘ಮೋಸದ ತ್ರಾಸು ಯೆಹೋವನಿಗೆ ಅಸಹ್ಯ’ ಎಂಬ ಜ್ಞಾನೋಕ್ತಿ ನನಗೆ ಬಾಯಿಪಾಠ. ತ್ರಾಸನ್ನು ನಾನು ಮುಟ್ಟಿರಲಿಲ್ಲ, ಆದ್ದರಿಂದ ಆ ಮಾತು ನನ್ನದಲ್ಲ ಎಂದುಕೊಂಡಿದ್ದೆ.

ಆ ದಿನವೇ ಮೂಲೆಯಿಂದ ಕೋಲು ತೆಗೆದೆ. ಒಂದು ತ್ರಾಸು ಕೊಂಡುತಂದು ಬಾಗಿಲ ಬಳಿ ಇಟ್ಟು, ಬೀಸುವ ಮುಂಚೆ ಒಮ್ಮೆ, ಬೀಸಿದ ಮೇಲೆ ಒಮ್ಮೆ ಎಲ್ಲರ ಕಣ್ಣ ಮುಂದೆ ತೂಗಲು ಶುರು ಮಾಡಿದೆ. ಮೊದಲ ವಾರ ಕೆಲವರು ಅನುಮಾನದಿಂದ ನೋಡಿದರು, ಈಗೇಕೆ ಇದ್ದಕ್ಕಿದ್ದಂತೆ ತೂಕ ಎಂದು. ಕೇಳಿದವರಿಗೆ ನಿಜ ಹೇಳಿದೆ. ಇಬ್ಬರು ಬೇರೆ ಗಿರಣಿಗೆ ಹೋದರು, ತಿರುಗಿ ಬರಲಿಲ್ಲ. ಅದು ಅವರ ಹಕ್ಕು. ಯೇಸುವನ್ನು ಕಂಡು ಮನಸ್ಸು ತಿರುಗಿದ ಸುಂಕದವ ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದ. ಯಾರ ಬೊಗಸೆ ಯಾವುದು ಎಂದು ಗೊತ್ತಿಲ್ಲದ ನಾನು ಯಾರಿಗೆ ಎಷ್ಟು ಕೊಡಲಿ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಿರುವಾಗಲೇ ಮಾರ್ಚ್ 25 ಬಂತು. ದೇಶವೇ ಬಾಗಿಲು ಹಾಕಿತು.

ಚರ್ಚಿಗೂ ಬೀಗ ಬಿತ್ತು. ಹಿಟ್ಟಿನ ಗಿರಣಿಗೆ ಮಾತ್ರ ಬೀಗ ಬೀಳಲಿಲ್ಲ, ಅದು ಅವಶ್ಯಕ ಸೇವೆ. ಇದು ನನ್ನ ಲೆಕ್ಕದ ಇನ್ನೊಂದು ಸಾಲು ಅಳಿಸಿತು. ಭಾನುವಾರದ ಎರಡು ತಾಸು ಎಲ್ಲಿ ಕೊಡಲಿ? ನನ್ನ ಬದುಕಿನಲ್ಲಿ ದೇವರಿಗೆಂದು ಇಟ್ಟ ಜಾಗಕ್ಕೆ ಬೀಗ ಬಿದ್ದು, ನನಗೆಂದು ಇಟ್ಟುಕೊಂಡ ಜಾಗ ಒಂದೇ ತೆರೆದಿತ್ತು. ಬಾಗಿಲ ಮುಂದೆ ಸುಣ್ಣದ ಪುಡಿಯಲ್ಲಿ ವೃತ್ತ ಬರೆದಿದ್ದೆ. ಕೂಲಿ ನಿಂತುಹೋದವರು, ಯಾರೋ ಪುಣ್ಯಾತ್ಮರು ಕೊಟ್ಟ ಗೋಧಿ ಹಿಡಿದು ಬಂದವರು ಒಬ್ಬೊಬ್ಬರಾಗಿ ಆ ವೃತ್ತಗಳಲ್ಲಿ ನಿಂತರು. ಯಾರಿಗೆ ಕೊಡಲಿ ಎಂಬ ಪ್ರಶ್ನೆ ಅಲ್ಲಿ ಬಗೆಹರಿಯಿತು. ಆ ಮೂರು ತಿಂಗಳು, ಇಲ್ಲ ಅಂದವರ ಹತ್ತಿರ ಬೀಸಿದ ಕೂಲಿ ತೆಗೆದುಕೊಳ್ಳಲಿಲ್ಲ. ಕೇಳಿದವರಿಗೆ “ಇದು ನಿಮ್ಮದ, ನನ್ನ ಕಡೆ ಬಾಕಿ ಇತ್ತು” ಅಂತಿದ್ದೆ.

ಏಪ್ರಿಲ್ 10 ಶುಭ ಶುಕ್ರವಾರ. ಪ್ರತಿವರ್ಷ ಹನ್ನೆರಡರಿಂದ ಮೂರರವರೆಗೆ ಚರ್ಚಿನಲ್ಲಿ ಕೂತು ಶಿಲುಬೆಯ ಮೇಲಿನ ಏಳು ಮಾತುಗಳನ್ನು ಧ್ಯಾನಿಸುವ ದಿನ. ಆ ವರ್ಷ ಮಧ್ಯಾಹ್ನದವರೆಗೆ ಗಿರಣಿ ನಡೆಸಿ, ಬಾಗಿಲು ಅರ್ಧ ಇಳಿಸಿ, ಹೆಂಡತಿ, ಮಗಳು, ನಾನು ಹಿಟ್ಟಿನ ಧೂಳು ಕೂತ ನೆಲದ ಮೇಲೆ ಗೋಣಿಚೀಲ ಹಾಸಿ ಕೂತೆವು. ಮಗಳು ಓದಿದಳು. ‘ನನಗೆ ನೀರಡಿಕೆಯಾಗಿದೆ’ ಎಂಬಲ್ಲಿಗೆ ಬಂದಾಗ ಹೊರಗಿನಿಂದ ಯಾರೋ “ನೀರ ಸಿಗತಾವೇನ್ರಿ?” ಅಂದರು. ನಡೆದುಕೊಂಡು ಊರಿಗೆ ಹೊರಟ ಒಬ್ಬ ಕೂಲಿಕಾರ. ಹೆಂಡತಿ ಎದ್ದು ತಂಬಿಗೆ ಕೊಟ್ಟಳು, ಕಟ್ಟಿದ ರೊಟ್ಟಿಯನ್ನೂ ಕೊಟ್ಟಳು. ಮತ್ತೆ ಬಂದು ಕೂತಳು, ಮಗಳು ಆ ವಚನವನ್ನು ಇನ್ನೊಮ್ಮೆ ಓದಿದಳು. ನಮ್ಮಲ್ಲಿ ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ಆ ತನಕ ಕೂತ ಯಾವ ಶುಭ ಶುಕ್ರವಾರವೂ ನನಗೆ ಅಷ್ಟು ಹತ್ತಿರದ್ದಾಗಿರಲಿಲ್ಲ.

ಇಲ್ಲಿಗೆ ಎಲ್ಲ ನೆಟ್ಟಗಾಯಿತು ಎಂದು ಹೇಳುವಂತಿದ್ದರೆ ಚೆನ್ನಾಗಿತ್ತು. ಆದದ್ದು ಬೇರೆ. ಸಭೆಗಳು ಮತ್ತೆ ತೆರೆದ ಮೇಲೆ ನನ್ನ ಉತ್ಸಾಹ ಮಿತಿ ಮೀರಿತು. ಸೋಮವಾರ ಉಪವಾಸ ಪ್ರಾರ್ಥನೆ, ಬುಧವಾರ ವೇದಪಾಠ, ಶುಕ್ರವಾರ ಮನೆ ಮನೆ ಕೂಟ, ಶನಿವಾರ ರಾತ್ರಿ ಜಾಗರಣೆ. ಗಿರಣಿಯಲ್ಲಿ ಹೆಂಡತಿ. ಐವತ್ತು ಕಿಲೋ ಚೀಲ ಎತ್ತುವುದು ಅವಳು, ಬೆಲ್ಟ್ ಜಾರಿದರೆ ಏರಿಸುವುದು ಅವಳು, ಮಗಳ ಶಾಲೆಯ ಫೀ ಕಟ್ಟಲು ಓಡುವುದೂ ಅವಳು. ದೇವರನ್ನು ನನ್ನ ಬದುಕಿನ ಕೇಂದ್ರದಲ್ಲಿ ಇಟ್ಟಿದ್ದೇನೆ ಎಂದು ನಾನು ಕೂಟಗಳಲ್ಲಿ ಕಣ್ಣೀರು ತುಂಬಿ ಸಾಕ್ಷಿ ಹೇಳುತ್ತಿದ್ದೆ.

ಒಂದು ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದರೆ ಹೆಂಡತಿ ಕೈಗೆ ಅರಿಶಿನ ಕಟ್ಟಿಕೊಂಡು ಕೂತಿದ್ದಳು. ಕಲ್ಲು ಕಟೆಯುವಾಗ ಉಳಿ ಜಾರಿ ಹೆಬ್ಬೆರಳಿಗೆ ಪೆಟ್ಟಾಗಿತ್ತು. ಕಲ್ಲು ಕಟೆಯುವುದು ನನ್ನ ಕೆಲಸ. ಹದಿನೈದು ದಿನದಿಂದ ಕಲ್ಲು ನುಣುಪಾಗಿ ಹಿಟ್ಟು ದಪ್ಪ ಬರುತ್ತಿತ್ತು, ನಾಳೆ ಮಾಡುತ್ತೇನೆ ಎನ್ನುತ್ತಾ ಬಂದಿದ್ದೆ.

“ದೇವ್ರನ್ನ ನಡುವ ಇಟ್ಟೀನಿ ಅಂತೀರಿ. ಮನಿ ನಡುವ ನಾ ಒಬ್ಬಾಕೀನ ಅದೀನ್ರಿ” ಅಂದಳು. ಜಗಳದ ದನಿ ಇರಲಿಲ್ಲ. ಅದಕ್ಕೇ ನನಗೆ ಮಾತು ಹೊರಡಲಿಲ್ಲ.

ಮಾರನೆ ವಾರ ಅಯ್ಯನವರು, ನಮ್ಮ ಸಭೆಯ ಪಾದ್ರಿ, ಮನೆಗೆ ಬಂದರು. ರೊಟ್ಟಿ, ಪುಂಡಿಪಲ್ಲೆ ಉಣ್ಣುತ್ತಾ ಹೆಂಡತಿಯ ಬೆರಳಿನ ಕಟ್ಟು ನೋಡಿ ಏನಾಯಿತು ಎಂದು ಕೇಳಿದರು. ನಾನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕೇಂದ್ರ’ ಎಂಬ ಶಬ್ದ ಎಲ್ಲಿಂದ ಬಂತು ಗೊತ್ತೇನು ಎಂದು ಕೇಳಿದರು. ಗ್ರೀಕಿನ ‘ಕೆಂಟ್ರಾನ್’ ಎಂಬುದು ಜ್ಯೋತಿಷ, ಗಣಿತದ ಜೊತೆ ಸಂಸ್ಕೃತಕ್ಕೆ ಬಂದು ಕೇಂದ್ರ ಆಯಿತಂತೆ. ಮೂಲದಲ್ಲಿ ಅದಕ್ಕೆ ಚುಚ್ಚುವ ಮೊನೆ ಎಂದು ಅರ್ಥ. ಎತ್ತಿಗೆ ಚುಚ್ಚುವ ಮುಳ್ಳುಗೋಲಿಗೂ ಅದೇ ಹೆಸರು, ವೃತ್ತ ಎಳೆಯುವಾಗ ಕೈವಾರದ ಊರಿದ ಕಾಲಿನ ಮೊನೆಗೂ ಅದೇ. ಅಪೊಸ್ತಲರ ಕೃತ್ಯಗಳು 26ನೆಯ ಅಧ್ಯಾಯದಲ್ಲಿ ದಮಸ್ಕದ ದಾರಿಯಲ್ಲಿ ಕರ್ತನು ಸೌಲನಿಗೆ, ಅಂದರೆ ಮುಂದೆ ಪೌಲನಾದವನಿಗೆ, ಮುಳ್ಳುಗೋಲನ್ನು ಒದೆಯುವುದು ಕಷ್ಟ ಎಂದು ಹೇಳುವಲ್ಲಿ ಗ್ರೀಕಿನಲ್ಲಿ ಇರುವುದು ಇದೇ ಶಬ್ದ.

“ಕೇಂದ್ರದಾಗ ದೇವರು ಬಂದ್ರ ಮದ್ಲ ಚುಚ್ಚತೈತಿ” ಅಂದರು ಅಯ್ಯನವರು. “ಎಲ್ಲಿ ಚುಚ್ಚಾಕತ್ತೈತಿ ಅಂತ ನೋಡ್ರಿ. ಅಲ್ಲಿಂದ ಓಡಿ ಕೂಟಕ್ಕ ಬಂದು ಕುಂತ್ರ ಏನೂ ಆಗೂದಿಲ್ಲ.”

ನನಗೆ ಅಜ್ಜಿಯ ಬೀಸುವ ಕಲ್ಲು ಕಣ್ಣ ಮುಂದೆ ಬಂತು. ಕೆಳಗಿನ ಕಲ್ಲಿನ ನಡುವೆ ಒಂದು ಗೂಟ. ಆ ಗೂಟ ಸಡಿಲಾದರೆ ಮೇಲಿನ ಕಲ್ಲು ಅತ್ತಿತ್ತ ಸರಿಯುತ್ತದೆ, ಎಷ್ಟು ತಿರುಗಿಸಿದರೂ ನುಚ್ಚೇ ಹೊರತು ಹಿಟ್ಟು ಬರುವುದಿಲ್ಲ. ಅಜ್ಜಿ ಗೂಟಕ್ಕೆ ಬಟ್ಟೆ ಸುತ್ತಿ ಬಿಗಿ ಮಾಡಿ ಮತ್ತೆ ಕೂರುವಳು. ಇಡೀ ದಿನ ಗೂಟವನ್ನೇ ನೋಡುತ್ತಾ ಕೂತವಳಲ್ಲ. ಅವಳ ಕಣ್ಣು ಕಾಳಿನ ಮೇಲೆ, ಕೈ ಹಿಡಿಯ ಮೇಲೆ, ಬಾಯಲ್ಲಿ ಪದ.

ಕೂಟಗಳನ್ನು ಎರಡಕ್ಕೆ ಇಳಿಸಿದೆ. ಕಲ್ಲನ್ನು ನಾನೇ ಕಟೆದೆ. ರಾತ್ರಿ ಊಟದ ಮುಂಚೆ ಹತ್ತು ನಿಮಿಷ ಮನೆಯಲ್ಲೇ ಕುಟುಂಬ ಪ್ರಾರ್ಥನೆ ಇಟ್ಟುಕೊಂಡೆವು. ಸರದಿಯ ಮೇಲೆ ಒಬ್ಬೊಬ್ಬರು ಓದುವುದು, ಆ ದಿನ ಯಾರ ಮೇಲೆ ಸಿಟ್ಟಾದೆವು, ಯಾರಿಗೆ ಸುಳ್ಳು ಹೇಳಿದೆವು ಎಂಬುದನ್ನು ಒಬ್ಬರಿಗೊಬ್ಬರು ಹೇಳಿಕೊಂಡು ಅರಿಕೆ ಮಾಡುವುದು. ಮಗಳು ನನಗಿಂತ ನೇರವಾಗಿ ಹೇಳುತ್ತಿದ್ದಳು. ಗದುಗಿನವರಾದ ನಮಗೆ ಕಾಯಕದ ಮಾತು ಹೊಸದಲ್ಲ, ತೋಂಟದಾರ್ಯ ಮಠದ ಊರಿನಲ್ಲಿ ಬೆಳೆದವರು. ನಮ್ಮ ಪೌಲನೂ ಡೇರೆ ಹೊಲಿಯುವ ಕೈಯವನು; ಏನು ಮಾಡಿದರೂ ಮನುಷ್ಯರಿಗೋಸ್ಕರ ಅಲ್ಲ, ಕರ್ತನಿಗೋಸ್ಕರವೇ ಎಂದು ಮನಸ್ಸಿಟ್ಟು ಮಾಡಿರಿ ಎಂದು ಕೊಲೊಸ್ಸೆಯವರಿಗೆ ಬರೆದ. ಅದನ್ನು ಅವನು ಬರೆದದ್ದು ಯಜಮಾನರ ಕೈಕೆಳಗೆ ದುಡಿಯುತ್ತಿದ್ದ ದಾಸರಿಗೆ ಎಂಬುದು ನನಗೆ ಆ ದಿನಗಳಲ್ಲಿ ಮೊದಲ ಸಲ ಗಮನಕ್ಕೆ ಬಂತು. ಚೀಲ ಬಡಿಯುವಾಗ ಆ ಮಾತು ನೆನಪಾಗುತ್ತದೆ. ಪ್ರತಿ ಸಲ ಅಲ್ಲ. ದಿನಕ್ಕೆ ಐದಾರು ಸಲ.

ಆದರೆ ಅಯ್ಯನವರು ಕೇಳಿದ ಪ್ರಶ್ನೆ ಹಾಗೇ ಉಳಿದಿತ್ತು. ಎಲ್ಲಿ ಚುಚ್ಚುತ್ತಿದೆ? ನನಗೆ ಗೊತ್ತಿತ್ತು. ಹುಬ್ಬಳ್ಳಿಯಲ್ಲಿ.

ಹುಬ್ಬಳ್ಳಿಯಲ್ಲಿ ನನ್ನ ತಮ್ಮ ಇದ್ದಾನೆ. ಅಪ್ಪ ಮೃತ್ಯುಪತ್ರ ಬರೆಯದೆ ಹೋದ. ಗಿರಣಿಯಲ್ಲಿ ತಮ್ಮನದು ಅರ್ಧ. 2016ರಲ್ಲಿ ಅವನು ಬಂದು ತನ್ನ ಪಾಲು ಕೇಳಿದಾಗ “ಗಿರಣಿ ಸಾಲದಾಗ ಐತಿ, ಈಗ ಆಗೂದಿಲ್ಲ” ಅಂದಿದ್ದೆ. ಸಾಲ ಅದಕ್ಕೆ ನಾಲ್ಕು ತಿಂಗಳ ಹಿಂದೆಯೇ ತೀರಿತ್ತು. ಅವನು ನನ್ನ ಮುಖ ನೋಡಿ, ಎದ್ದು ಹೋದ. ಆ ಮೇಲೆ ಮಾತಿಲ್ಲ. ಕೇಳಿದವರಿಗೆ ನಾನು, ಅವನ ಹೆಂಡತಿ ಕಡೆಯವರು ತಲೆ ಕೆಡಿಸಿದ್ದಾರೆ ಎಂದು ಹೇಳುತ್ತಾ ಬಂದೆ. ಎಷ್ಟು ಸಲ ಹೇಳಿದೆನೆಂದರೆ ನಾನೇ ನಂಬಿಬಿಟ್ಟಿದ್ದೆ.

ಹಿಟ್ಟಿನ ವಿಷಯ ಅರಿಕೆ ಮಾಡುವುದು ನನಗೆ ಇದರ ಮುಂದೆ ಸುಲಭವೇ ಆಗಿತ್ತು. ಅಲ್ಲಿ ಹೋದದ್ದು ಬೊಗಸೆ ಹಿಟ್ಟು. ಇಲ್ಲಿ ಲಕ್ಷಗಳು, ಅದಕ್ಕಿಂತ ಹೆಚ್ಚಾಗಿ ನಾನು ದೊಡ್ಡವನು ಎಂಬುದು. ಎರಡು ವರ್ಷ ದೇವರ ಹತ್ತಿರ ಬೇರೆಲ್ಲ ಮಾತಾಡಿದೆ, ಇದೊಂದನ್ನು ಬಿಟ್ಟು.

2022ರ ಒಂದು ಭಾನುವಾರ ಕರ್ತನ ಭೋಜನದ ಆರಾಧನೆ, ಯೇಸುವಿನ ಮರಣದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ದಿನ. ನಮ್ಮ ದಕ್ಷಿಣ ಭಾರತ ಸಭೆಯ ಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುತ್ತೇವೆ. ಅಯ್ಯನವರಿಂದ ಹೊರಟು ಒಬ್ಬರ ಎರಡು ಅಂಗೈಗಳ ನಡುವಿನಿಂದ ಇನ್ನೊಬ್ಬರ ಅಂಗೈಗಳಿಗೆ, ಸಾಲಿನಿಂದ ಸಾಲಿಗೆ ಅದು ಬರುತ್ತದೆ. ಆ ದಿನ ನನ್ನ ಪಕ್ಕದಲ್ಲಿ ಕೂತಿದ್ದವರು ಸಭೆಯ ಒಬ್ಬ ಹಿರಿಯರು, ಅಪ್ಪನ ಗೆಳೆಯರು. ಅವರು ನನ್ನ ಅಂಗೈಗಳನ್ನು ಹಿಡಿದು, ಬಿಡದೆ, ಮೆಲ್ಲಗೆ, “ತಮ್ಮ ಆರಾಮ ಅದಾನೇನು?” ಅಂದರು. ಲೋಕಾಭಿರಾಮದ ಮಾತು. ಅವರಿಗೆ ಏನೂ ಗೊತ್ತಿರಲಿಲ್ಲ.

ನಿನ್ನ ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎಂದು ಮತ್ತಾಯನ ಐದನೆಯ ಅಧ್ಯಾಯದಲ್ಲಿ ಯೇಸು ಹೇಳುತ್ತಾನೆ. ಗಮನಿಸಿ ನೋಡಿದರೆ ಅಲ್ಲಿ ನಿನಗೆ ಸಹೋದರನ ಮೇಲೆ ಸಿಟ್ಟಿದ್ದರೆ ಎಂದಿಲ್ಲ. ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದೆ ಎಂದು ನೆನಪಿಗೆ ಬಂದರೆ ಎಂದಿದೆ. ನಾನು ಆ ದಿನ ಭೋಜನಕ್ಕೆ ಏಳಲಿಲ್ಲ. ಸಭೆಯ ಖಜಾಂಚಿ ಕೂತಲ್ಲೇ ಕೂತದ್ದನ್ನು ಎಲ್ಲರೂ ನೋಡಿದರು.

ಮರುದಿನ ಗಿರಣಿಯ ಬೆಲೆ ಕಟ್ಟಿಸಿದೆ. ತಮ್ಮನ ಪಾಲು 4,20,000 ರೂಪಾಯಿ ಬಂತು. ಕೈಯಲ್ಲಿದ್ದ 60,000 ಕಟ್ಟಿಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದೆ. ಅಣ್ಣಿಗೇರಿ ದಾಟುವವರೆಗೆ ಏನು ಮಾತಾಡಬೇಕು ಎಂದು ಜೋಡಿಸುತ್ತಿದ್ದೆ, ದಾಟಿದ ಮೇಲೆ ಅದೂ ಮರೆತುಹೋಯಿತು. ತಮ್ಮನೇ ಬಾಗಿಲು ತೆಗೆದ. ಕೂದಲು ಬೆಳ್ಳಗಾಗಿತ್ತು. ಒಳಗೆ ಕರೆದ, ಕುರ್ಚಿ ತೋರಿಸಿದ. ಅವನ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದಳು.

ಸಾಲ ತೀರಿದ್ದ ತಾರೀಖಿನ ಪಾವತಿಯನ್ನು ಮುಂದಿಟ್ಟೆ. ಸುಳ್ಳು ಹೇಳಿದ್ದೆ ಅಂದೆ. ಅವನ ಹೆಂಡತಿಯ ಮೇಲೆ ಹೊರಿಸಿದ್ದನ್ನೂ ಹೇಳಿದೆ, ಒಳಗಿದ್ದವಳಿಗೆ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ದುಡ್ಡು ಇಟ್ಟೆ. ಉಳಿದದ್ದು ತಿಂಗಳಿಗೆ 20,000ದಂತೆ ಹದಿನೆಂಟು ತಿಂಗಳು ಅಂದೆ.

ಅವನು ನೋಟು ಎಣಿಸಿದ. ಒಂದೊಂದಾಗಿ ಎಣಿಸಿ, ಚೀಟಿ ಬರೆದು ಸಹಿ ಹಾಕಿ ಕೊಟ್ಟ. ನನ್ನ ಮುಂದೆ ಎಣಿಸಿದ್ದು ಸರಿಯೇ. ಆಮೇಲೆ ಹೇಳಿದ:

“ಅಣ್ಣಾ, ನಾ ಅವತ್ತ ಯಾಕ ರೊಕ್ಕ ಕೇಳಾಕ ಬಂದಿದ್ದೆ ಅಂತ ನೀ ಇವತ್ತಿನ ತನಕ ಕೇಳಿಲ್ಲ. ಸಣ್ಣಾವ ದವಾಖಾನ್ಯಾಗಿದ್ದ. ಹನ್ನೊಂದು ದಿನ ಇದ್ದ. ಬದುಕ್ಯಾನ, ದೇವರ ದಯಾ. ಆದ್ರ ನೀ ಕೇಳಲಿಲ್ಲ.”

ಕ್ಷಮಿಸಿದ್ದೇನೆ ಎಂದು ಅವನು ಅನ್ನಲಿಲ್ಲ. ಊಟಕ್ಕೆ ಇರು ಅನ್ನಲಿಲ್ಲ. ಬಾಗಿಲವರೆಗೆ ಬಂದ. ನಾನು ಅವನ ಮಗನನ್ನು ನೋಡಬಹುದೇ ಎಂದು ಕೇಳಿದೆ. ಶಾಲೆಗೆ ಹೋಗಿದ್ದಾನೆ ಅಂದ.

ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ಹಗುರ ಅನಿಸಲಿಲ್ಲ. ಸಾಕ್ಷಿಗಳಲ್ಲಿ ಎಲ್ಲರೂ ಹೇಳುವ ಆ ಸಮಾಧಾನ ಬರಲಿಲ್ಲ. ಹನ್ನೊಂದು ದಿನ ಎಂಬುದೊಂದೇ ತಲೆಯಲ್ಲಿ. ಆ ಹನ್ನೊಂದು ದಿನವೂ ನಾನು ಬೆಳಿಗ್ಗೆ ಏಳಕ್ಕೆ ಕ್ಯಾಲೆಂಡರಿನ ಮುಂದೆ ನಿಂತು ಆಶೀರ್ವಾದ ಕೇಳಿದ್ದೆ. ಆದರೆ ಒಂದು ಮಾತು ನಿಜ: ಆ ಬಸ್ಸಿನಲ್ಲಿ ಕಿಟಕಿಗೆ ಹಣೆ ಹಚ್ಚಿ ನಾನು ಮಾಡಿದ್ದು ಬಹಳ ವರ್ಷಗಳ ಮೇಲೆ ಮಾಡಿದ ನಿಜವಾದ ಪ್ರಾರ್ಥನೆ. ಅದರಲ್ಲಿ ನಾನು ಏನನ್ನೂ ಕೇಳಿಕೊಳ್ಳಲಿಲ್ಲ.

ಮುಂದಿನ ತಿಂಗಳ ಭೋಜನಕ್ಕೆ ಎದ್ದೆ. ಅಯ್ಯನವರಿಗೆ ಎಲ್ಲ ಹೇಳಿ, ಖಜಾಂಚಿ ಕೆಲಸ ಬಿಡುತ್ತೇನೆ ಅಂದೆ. ವರ್ಷಾಂತ್ಯದ ಲೆಕ್ಕ ಒಪ್ಪಿಸಿ ಬಿಡಿ ಅಂದರು, ಹಾಗೇ ಮಾಡಿದೆ. ಪ್ರತಿ ತಿಂಗಳು ಒಂದನೆಯ ತಾರೀಖಿಗೆ ಮೊಬೈಲಿನಲ್ಲಿ ತಮ್ಮನಿಗೆ ದುಡ್ಡು ಹಾಕುತ್ತಿದ್ದೆ. ಹಾಕಿದ ಮೇಲೆ ‘ಹಾಕೀನಿ, ಹುಡುಗ ಹೆಂಗದಾನ?’ ಎಂದು ಕಳಿಸುತ್ತಿದ್ದೆ. ಓದಿದ್ದಾನೆ ಎಂದು ಗುರುತು ಬರುತ್ತಿತ್ತು, ಉತ್ತರ ಇಲ್ಲ. ಕೆಲವು ತಿಂಗಳು ಕೂಡಿಸುವುದು ಕಷ್ಟವಾಯಿತು. ಹೆಂಡತಿ ತನ್ನ ಚೀಟಿ ದುಡ್ಡು ಕೊಟ್ಟಳು.

ಕೊನೆಯ ಕಂತು ಮುಗಿದು ಎರಡು ತಿಂಗಳಾಗಿತ್ತು. ಮಧ್ಯಾಹ್ನ ಬಸ್ ನಿಲ್ದಾಣದಿಂದ ಫೋನ್ ಬಂತು, ಹುಬ್ಬಳ್ಳಿ ಬಸ್ಸಿನಲ್ಲಿ ನಿಮ್ಮ ಹೆಸರಿಗೆ ಒಂದು ಚೀಲ ಬಂದಿದೆ ಎಂದು. ಹೋಗಿ ತಂದೆ. ಹತ್ತು ಕಿಲೋ ಗೋಧಿ, ಮೇಲೆ ಒಂದು ಚೀಟಿ. ತಮ್ಮನ ಅಕ್ಷರ: ‘ಅಪ್ಪನ ಕಲ್ಲಿನ ಮ್ಯಾಲ ಬೀಸಿ ಕಳಿಸು. ಸಣ್ಣಗ ಇರಲಿ. ಕೂಲಿ ಎಷ್ಟಂತ ಹೇಳು.’

ಆ ಹೊತ್ತಿಗೆ ಜೋಳದ ಸಾಲು ನಡೆದಿತ್ತು. ಅದು ಮುಗಿಯುವವರೆಗೆ ಕಾದು, ಕಲ್ಲು ಬಿಚ್ಚಿ ಒರೆಸಿ, ಬಟ್ಟೆ ಚೀಲ ಬದಲಿಸಿ, ಗೋಧಿ ಸುರಿದೆ. ಕಲ್ಲು ಸ್ವಲ್ಪ ಬಿಗಿ ಮಾಡಿ ಸಣ್ಣಗೆ ಬಿಟ್ಟೆ. ಆಯಿ ತನ್ನ ಎರಡು ಕಿಲೋ ಹಿಡಿದು ಬಾಗಿಲ ಬಳಿ ಕೂತಿದ್ದಳು. ಮೋಟಾರು ನಿಂತ ಮೇಲೆ ಕೋಲು ತೆಗೆದುಕೊಂಡೆ. ಒಂದು, ಎರಡು, ಮೂರು. ಬೊಗಸೆ ಹಿಟ್ಟು ಬಿತ್ತು. ಇನ್ನೊಮ್ಮೆ ಬಡಿದು ನೋಡಿದೆ, ಚೀಲದಲ್ಲಿ ಏನೂ ಉಳಿದಿರಲಿಲ್ಲ.

ಹೆಂಡತಿ ಚೀಲದ ಬಾಯಿ ಹೊಲಿದಳು. ಚೀಟಿಯ ಬೆನ್ನಿಗೆ ಬರೆದೆ: ‘ಹಾಕಿದ್ದು 10 ಕಿಲೋ. ಬಂದದ್ದು 9 ಕಿಲೋ 900. ಕೂಲಿ 60 ರೂಪಾಯಿ.’ ಅರ್ಧ ಕೂಲಿ ಎಂದು ಬರೆಯೋಣವೇ, ಬೇಡ ಎಂದು ಬರೆಯೋಣವೇ ಎಂದು ಬಹಳ ಯೋಚಿಸಿದೆ. ಅವನು ಕೇಳಿದ್ದು ಲೆಕ್ಕ. ಲೆಕ್ಕವನ್ನೇ ಬರೆದೆ. ಸಂಜೆಯ ಹುಬ್ಬಳ್ಳಿ ಬಸ್ಸಿಗೆ ಚೀಲ ಹಾಕಿ ಬಂದು ಆಯಿಯ ಜೋಳ ಬೀಸಿಕೊಟ್ಟೆ. ರಾತ್ರಿ ಒಂಬತ್ತಕ್ಕೆ ಫೋನಿಗೆ 60 ರೂಪಾಯಿ ಬಂತು, ಅದರ ಕೆಳಗೆ ಒಂದು ಸಾಲು: ‘ಹುಡುಗ ಆರಾಮ ಅದಾನ.’